ಬಿಸಿಲು ಅಳೆದ ಸಾಹೇಬರು

ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಮನುಷ್ಯ ತಲೆ ತಗ್ಗಿಸಿ ನೆಲವನ್ನೇ ನೋಡುತ್ತ ಹೋಗುತ್ತಿದ್ದರು. ನಡುನಡುವೆ ನಿಂತು ಬೂಟಿನ ಹಿಮ್ಮಡಿಯಿಂದ ಡಾಂಬರನ್ನು ಕುಟ್ಟಿ ನೋಡುತ್ತಿದ್ದರು. ಹೊಸಬರು ಕಂಡರೆ "ಏನರ ಕಳಕೊಂಡೀರೇನ್ರಿ?" ಎಂದು ಕೇಳುತ್ತಿದ್ದರು. ಹಳಬರು ಕೇಳುತ್ತಿರಲಿಲ್ಲ. ಅವರ ಹೆಂಡತಿ ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನೋಡಿ, ಗಂಡ ಮತ್ತೆ ಯಾವುದೋ ಕುಳಿಯ ಮುಂದೆ ನಿಂತದ್ದನ್ನು ಕಂಡು ಹಣೆ ಹಣೆ ಬಡಿದುಕೊಳ್ಳುವುದನ್ನು ನಾನೇ ನೋಡಿದ್ದೇನೆ. "ಮದಿವ್ಯಾಗಿ ಮೂವತ್ತು ವರ್ಷ ಆತು ತಂಗಿ, ನನ್ನ ಮುಖಾ ಒಮ್ಮೆನೂ ಇಷ್ಟು ದಿಟ್ಟಿಸಿ ನೋಡಿಲ್ಲ ನಿಮ್ಮ ಸಾಹೇಬ್ರು," ಎಂದು ಒಂದು ಸಲ ನನ್ನ ಮುಂದೆ ದೂರಿದ್ದರು.

ಹೋದ ತಿಂಗಳು ಆ ಸಾಹೇಬರು ತೀರಿಕೊಂಡರು. ತೊಂಬತ್ತರ ಮೇಲೆ ಒಂದೆರಡು ವರ್ಷವಾಗಿತ್ತು. ಹೆಚ್ಚು ನರಳಲಿಲ್ಲ ಎಂದು ಮಗ ಫೋನಿನಲ್ಲಿ ಹೇಳಿದ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮೂರು ದಿನವಾಗಿತ್ತು. ಮುಖ ನೋಡಲು ಆಗಲಿಲ್ಲ. ಆ ಸಂಕಟಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ರಸ್ತೆಯ ಉದ್ಘಾಟನೆಗೆ ಹೆಸರು ಕೆತ್ತಿದ ಕಲ್ಲು ನಿಲ್ಲಿಸುವುದನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. "ರಸ್ತಾ ಆರು ತಿಂಗಳದಾಗ ಹಾಳಾಗತೈತಿ, ಕಲ್ಲು ನೂರು ವರ್ಷ ಇರತೈತಿ," ಎನ್ನುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸಾಲಿ ಮುಗಿಸಿ, ನಕ್ಷೆ ಕೆಲಸದ ಒಂದು ಸರ್ಟಿಫಿಕೇಟು ಹಿಡಿದುಕೊಂಡು, ರಸ್ತೆ ಕೆಲಸದ ಕಚೇರಿಯಲ್ಲಿ ಟ್ರೇಸರ್ ಆಗಿ ಸೇರಿದ್ದೆ. ಟ್ರೇಸರ್ ಎಂದರೆ ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ ಶಾಯಿಯಲ್ಲಿ ಗೆರೆ ಎಳೆಯುವವರು. ಯೋಚಿಸುವುದು ನಮ್ಮ ಕೆಲಸವಲ್ಲ. ಕಚೇರಿಯ ಹಾಲ್‌ನಲ್ಲಿ ನಾನೊಬ್ಬಳೇ ಹೆಂಗಸು. ಹೆಡ್ ಕ್ಲಾರ್ಕು ನನ್ನ ಮೇಜನ್ನು ಗೋಡೆಗೆ ಮುಖ ಮಾಡಿ ಹಾಕಿಸಿದ್ದ. ಯಾರಿಗೂ ತೊಂದರೆಯಾಗಬಾರದು ಎಂದು ಕಾರಣ ಕೊಟ್ಟ. ಯಾರಿಗೆ ಯಾರಿಂದ ತೊಂದರೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಾಹೇಬರು ಆ ಕಚೇರಿಯವರೇ, ಆದರೆ ಕಚೇರಿಯಲ್ಲಿ ಕೂರುತ್ತಿರಲಿಲ್ಲ. ಇಬ್ರಾಹಿಂಪುರದಲ್ಲಿ, ರೈಲ್ವೆ ಹಳಿಯ ಪಕ್ಕ, ತಗಡಿನ ಮಾಡಿನ ಒಂದು ಪರೀಕ್ಷಾ ಕೋಣೆ ಇತ್ತು. ಮಣ್ಣು, ಜಲ್ಲಿಕಡಿ, ಉಸುಕು, ಸಿಮೆಂಟು ಪರೀಕ್ಷೆ ಮಾಡುವ ಜಾಗ. ಅದಕ್ಕೆ ಅವರೇ ಅಧಿಕಾರಿ, ಅವರೇ ಗುಮಾಸ್ತ. ಡಿಪ್ಲೊಮಾ ಓದಿ ಓವರ್‌ಸಿಯರ್ ಆಗಿ ಸೇರಿದವರು. ಕೆಲಸ ಕೊಡಬೇಕಾದ ಯಾರೂ ಅವರಿಗೆ ರಸ್ತೆಯ ಕೆಲಸ ಕೊಡುತ್ತಿರಲಿಲ್ಲ, ಯಾಕೆಂದರೆ ಕೊಟ್ಟ ಕೂಡಲೇ ಅವರು ಪ್ರಶ್ನೆ ಕೇಳುತ್ತಿದ್ದರು. ಹಾಗಾಗಿ ಮಣ್ಣಿನ ಕೋಣೆಗೆ ಕಳಿಸಿದ್ದರು. ಶಿಕ್ಷೆ ಎಂದು ಕಳಿಸಿದವರು, ಅವರಿಗೆ ಅದು ಹಬ್ಬ ಎಂದು ತಿಳಿಯದೆ ಮೋಸಹೋದರು.

ಒಂದು ದಿನ ಅವರು ಒಂದು ನಕ್ಷೆ ತಂದು ನನ್ನ ಮೇಜಿನ ಮೇಲೆ ಇಟ್ಟರು. ಎಳೆಯಬೇಕಾದದ್ದು ಒಂದು ವಕ್ರರೇಖೆ. ಅದರ ಮೇಲೆ ಏಳು ಚುಕ್ಕೆ. ಆರು ಚುಕ್ಕೆಗಳು ಗೆರೆಯ ಮೇಲೆ ಮಾತು ಕೇಳುವ ಮಕ್ಕಳಂತೆ ಕೂತಿದ್ದವು. ಒಂದು ಮಾತ್ರ ಬೆರಳಿನಷ್ಟು ದೂರ ಇತ್ತು. ಎಳೆದು ಮುಗಿಸಿ ಕೊಡುವಾಗ ನನಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಈ ಒಂದು ಚುಕ್ಕಿ ಯಾಕ್ರಿ ಹೊರಗ ಐತಿ?"

ಅವರು ಕನ್ನಡಕ ಹಣೆಯ ಮೇಲೇರಿಸಿ ನನ್ನನ್ನು ನೋಡಿದರು. "ಈ ಕಾಗದಾ ನಾಲ್ಕು ಮಂದಿ ಎಂಜಿನಿಯರ್ ಕೈಯಾಗ ಹೋಗಿ ಬಂದೈತಿ ತಂಗಿ. ಕೇಳಿದಾಕಿ ನೀ ಒಬ್ಬಾಕಿನ. ಆ ಚುಕ್ಕಿ ಆಗಸ್ಟ್ ತಿಂಗಳದ್ದು. ಉಳಿದದ್ದೆಲ್ಲಾ ಬ್ಯಾಸಗಿದು."

ಅಲ್ಲಿಂದ ನಮ್ಮ ಗುರುಶಿಷ್ಯ ಸಂಬಂಧ ಶುರುವಾಯಿತು. ವಾರಕ್ಕೆ ಎರಡು ದಿನ ನನ್ನನ್ನು ಇಬ್ರಾಹಿಂಪುರಕ್ಕೆ ಕಳಿಸಬೇಕೆಂದು ಬರೆದು ಕೇಳಿಕೊಂಡರು. ಗೋಡೆಗೆ ಮುಖ ಮಾಡಿ ಕೂತವಳು ಹೋದರೆ ಹೆಡ್ ಕ್ಲಾರ್ಕಿಗೂ ನೆಮ್ಮದಿಯೇ.

ಆಗಸ್ಟಿನ ಆ ಚುಕ್ಕೆಯ ಕತೆ ಹೇಳಬೇಕು. ನಮ್ಮ ಕಡೆಯ ಯರಿ, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಕಲ್ಲಿಗೆ ಸವಾಲು ಹಾಕುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ, ಮೆತ್ತಗಾಗಿ, ಚಪ್ಪಲಿಯನ್ನು ಕಿತ್ತುಕೊಂಡು ಬಿಡುತ್ತದೆ. ರಸ್ತೆ ಹಾಕುವ ಮೊದಲು ಮಣ್ಣು ಎಷ್ಟು ಭಾರ ತಾಳುತ್ತದೆ ಎಂದು ನೋಡಲು ಒಂದು ಪರೀಕ್ಷೆ ಇದೆ. ನೆಲದ ಮೇಲೆ ದುಂಡನೆಯ ಕಬ್ಬಿಣದ ತಟ್ಟೆ ಇಟ್ಟು, ಅದರ ಮೇಲೆ ಜಾಕು ಇಟ್ಟು, ಕಡಿ ತುಂಬಿದ ಲಾರಿಯನ್ನು ಮೇಲೆ ತಂದು ನಿಲ್ಲಿಸಬೇಕು. ಲಾರಿಯ ಹೊಟ್ಟೆಗೆ ಒತ್ತುಕೊಟ್ಟು ಜಾಕಿನಿಂದ ತಟ್ಟೆಯನ್ನು ಕೆಳಗೆ ತಳ್ಳಿ, ಎಷ್ಟು ಇಳಿಯಿತು ಎಂದು ಅಳೆಯಬೇಕು. ಮಳೆಗಾಲದಲ್ಲಿ ಲಾರಿ ಹೊಲಕ್ಕೆ ಇಳಿದರೆ ತಟ್ಟೆಗಿಂತ ಮೊದಲು ಲಾರಿಯೇ ಇಳಿಯುತ್ತದೆ. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಈ ಪರೀಕ್ಷೆಯನ್ನು ಏಪ್ರಿಲ್, ಮೇ ತಿಂಗಳಲ್ಲೇ ಮಾಡುತ್ತಿದ್ದರು. ಮಣ್ಣು ಪ್ರತಿ ವರ್ಷ ಮೊದಲ ದರ್ಜೆಯಲ್ಲಿ ಪಾಸಾಗುತ್ತಿತ್ತು. ರಸ್ತೆ ಪ್ರತಿ ವರ್ಷ ಜುಲೈನಲ್ಲಿ ಕುಸಿದು ಕೂರುತ್ತಿತ್ತು.

ಸಾಹೇಬರು ಹಟ ಹಿಡಿದು ಒಂದು ಆಗಸ್ಟಿನಲ್ಲಿ ಲಾರಿ ಒಯ್ದರು. ಟಿಕೋಟಾದಿಂದ ಬಬಲೇಶ್ವರಕ್ಕೆ ಅಡ್ಡ ಹಾಯುವ ದಾರಿಯಲ್ಲಿ ಒಂದು ತಗ್ಗು ಇದೆ. ಮಳೆ ಹಿಡಿದರೆ ಅಲ್ಲಿ ಡಾಂಬರು ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಕಬ್ಬಿಣದ ಪಟ್ಟಿಯ ಚಕ್ಕಡಿ ಗಾಲಿಗಳು ಅದನ್ನು ಸೀಳಿ, ಕೆಳಗಿನ ಯರಿ ಮೇಲೆದ್ದು, ವಾರಗಟ್ಟಲೆ ಆಚೆ ಕಡೆಯ ಊರವರು ಸಂತೆಗೂ ಬರುವಂತಿರಲಿಲ್ಲ, ದವಾಖಾನೆಗೂ ಬರುವಂತಿರಲಿಲ್ಲ. ಹಲಗೆ ಹಾಸಿ ಲಾರಿಯನ್ನು ಒಳಗೆ ಒಯ್ದು ಪರೀಕ್ಷೆಯನ್ನೇನೋ ಮಾಡಿದರು. ಹೊರಗೆ ಬರುವಾಗ ಹಲಗೆ ಸರಿದು ಲಾರಿ ಅಚ್ಚಿನವರೆಗೆ ಹೂತಿತು. ನಾಲ್ಕು ಜೋಡಿ ಎತ್ತು ತಂದು ಜಗ್ಗಿಸಿದ ಬಬಲೇಶ್ವರದ ರೈತನೊಬ್ಬ ಬೆವರು ಒರೆಸಿಕೊಳ್ಳುತ್ತ ಹೇಳಿದನಂತೆ: "ಸಾಹೇಬ್ರ, ಮಳಿಗಾಲದಾಗ ಈ ಮಣ್ಣು ಹೆಂಗಿರತೈತಿ ಅಂತ ನಮ್ಮನ್ನ ಕೇಳಿದ್ರ ಪುಕ್ಕಟ ಹೇಳತಿದ್ದಿವಲ್ರಿ!"

"ನೀ ಹೇಳಿದ್ದು ಫೈಲಿನ್ಯಾಗ ಹೋಗೂದಿಲ್ಲೋ ಯಪ್ಪಾ," ಎಂದರಂತೆ ಇವರು.

ಈ ತಗ್ಗಿಗೆ ಕಾಂಕ್ರೀಟು ಹಾಸಬೇಕು, ಅದೊಂದೇ ಉಳಿಯುವುದು ಎಂದು ಅವರು ಎಂಟು ವರ್ಷ ಪತ್ರ ಬರೆದರು. ಯರಿ ಭೂಮಿಯ ಮೇಲೆ ಕಾಂಕ್ರೀಟು ನಿಲ್ಲುವುದಿಲ್ಲ ಎಂದು ಮೇಲಿನವರು ಎಂಟು ವರ್ಷ ಉತ್ತರ ಬರೆದರು. ನಾನು ಸೇರಿದ ವರ್ಷ, ದೇವರು ಕಣ್ಣು ಬಿಟ್ಟನೋ, ಪತ್ರ ಓದಿ ಓದಿ ಅವರಿಗೇ ಬೇಸರವಾಯಿತೋ, ಪ್ರಯೋಗಕ್ಕೆಂದು ಒಂದು ತುಂಡು ರಸ್ತೆಗೆ ಒಪ್ಪಿಗೆ ಬಂತು. ಷರತ್ತು ಒಂದೇ: ದಪ್ಪ ಎಂಟು ಇಂಚು ಮೀರಬಾರದು. ಲೆಕ್ಕ ಅದರೊಳಗೆ ಕೂತರೆ ರಸ್ತೆ, ಇಲ್ಲದಿದ್ದರೆ ಇಲ್ಲ. ಸಾಹೇಬರ ನಿವೃತ್ತಿಗೆ ಆಗ ಎರಡು ವರ್ಷ ಚಿಲ್ಲರೆ ಉಳಿದಿತ್ತು. ಇದು ಕೈತಪ್ಪಿದರೆ ಅವರ ಕಾಲದಲ್ಲಿ ಮತ್ತೊಂದು ಬರುವಂತಿರಲಿಲ್ಲ.

ಕಾಂಕ್ರೀಟ್ ರಸ್ತೆ ಎಷ್ಟು ದಪ್ಪ ಬೇಕು, ಎಷ್ಟು ವರ್ಷ ಬಾಳೀತು ಎಂದು ಹೇಳಲು ಮುಖ್ಯವಾಗಿ ಐದು ಅಂಕಿ ಬೇಕು. ಕೆಳಗಿನ ಮಣ್ಣು ಎಷ್ಟು ತಾಳುತ್ತದೆ, ಮೇಲೆ ಓಡುವ ಗಾಲಿಯ ಭಾರ ಎಷ್ಟು, ಕಾಂಕ್ರೀಟನ್ನು ಬಾಗಿಸಿದರೆ ಎಷ್ಟಕ್ಕೆ ಮುರಿಯುತ್ತದೆ, ಒಂದೊಂದು ಸ್ಲ್ಯಾಬು ಎಷ್ಟು ಉದ್ದ, ಬಿಸಿಲಿಗೆ ಸ್ಲ್ಯಾಬಿನ ಬೆನ್ನು ಅದರ ಹೊಟ್ಟೆಗಿಂತ ಎಷ್ಟು ಹೆಚ್ಚು ಕಾಯುತ್ತದೆ. ಈ ಐದನ್ನೂ ಅವರು ಕೋಣೆಯ ಕರಿ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಿದ್ದರು. ಎಲ್ಲಕ್ಕಿಂತ ಮೇಲೆ, ಎರಡು ಪಟ್ಟು ದೊಡ್ಡ ಅಕ್ಷರದಲ್ಲಿ, "ಮಣ್ಣು."

ಲೆಕ್ಕ ಮಾಡುವ ಕೆಲಸ ನನಗೆ ಕೊಟ್ಟರು. ಅವರ ಪದ್ಧತಿ ಒಂದೇ. ಐದರಲ್ಲಿ ಒಂದನ್ನು ಮಾತ್ರ ಬದಲಿಸಬೇಕು, ನಾಲ್ಕನ್ನು ಮುಟ್ಟಬಾರದು. ದಪ್ಪ ಎಷ್ಟು ಏರಿತು, ಎಷ್ಟು ಇಳಿಯಿತು, ಬರೆದಿಡಬೇಕು. ಆಮೇಲೆ ಮುಂದಿನದು. ನನಗೆ ಅವಸರ. ಎರಡೆರಡು ಕೂಡಿಸಿ ಬದಲಿಸಿದರೆ ಬೇಗ ಮುಗಿಯುತ್ತದಲ್ಲ ಎಂದೆ.

"ನಿಮ್ಮವ್ವ ಸಾರಿಗೆ ಉಪ್ಪು, ಖಾರಾ ಎರಡೂ ಒಮ್ಮೆಲೆ ಹೆಚ್ಚ ಹಾಕಿದ್ಲು ಅಂತ ತಿಳಿ. ರುಚಿ ಕೆಟ್ಟಿತು. ಯಾವುದರಿಂದ ಕೆಟ್ಟಿತು, ಹೇಳು ನೋಡೂಣು?"

ನಾನು ಒಂದೊಂದೇ ಬದಲಿಸಿದೆ. ಲಾಗ್ ಟೇಬಲ್ಲು, ಸ್ಲೈಡ್ ರೂಲು, ಹಾಳೆಯ ಮೇಲೆ ಹಾಳೆ. ಮೂರು ವಾರದ ಕೊನೆಗೆ ನನ್ನ ಮುಂದೆ ಬಂದ ಉತ್ತರ ಕಂಡು ನನಗೇ ಹೆದರಿಕೆಯಾಯಿತು. ಏಪ್ರಿಲಿನ ಗಟ್ಟಿ ಮಣ್ಣಿನ ಅಂಕಿ ತೆಗೆದು ಆಗಸ್ಟಿನ ಮೆತ್ತನೆಯ ಮಣ್ಣಿನ ಅಂಕಿ ಹಾಕಿದರೆ ದಪ್ಪ ಏರಿದ್ದು ಬರೇ ಅರ್ಧ ಇಂಚು. ಕಾಂಕ್ರೀಟಿನ ಗಟ್ಟಿತನ ಸ್ವಲ್ಪ ತಗ್ಗಿಸಿದರೆ ಅದಕ್ಕಿಂತ ಹೆಚ್ಚು ಏರುತ್ತಿತ್ತು. ಬಿಸಿಲಿನ ಅಂಕಿ, ಸ್ಲ್ಯಾಬಿನ ಉದ್ದ, ಇವನ್ನು ಮುಟ್ಟಿದರಂತೂ ಹೇಳುವುದೇ ಬೇಡ. ಈ ಮನುಷ್ಯ ಎಂಟು ವರ್ಷ ಮಣ್ಣು ಮಣ್ಣು ಎಂದು ಊರೆಲ್ಲ ಜಗಳಾಡಿದ್ದರು. ಬಿಸ್ಕಿಟ್ ಡಬ್ಬಿಗಳಲ್ಲಿ ತಿಂಗಳು ತಿಂಗಳಿನ ಮಣ್ಣು ತುಂಬಿ, ಮೇಲೆ "ಟಿಕೋಟಾ ಜೂನ್", "ಬಬಲೇಶ್ವರ ಅಕ್ಟೋಬರ್" ಎಂದು ಚೀಟಿ ಹಚ್ಚಿ, ಮನೆಯ ಅಡುಗೆ ಕೋಣೆಯ ನಾಗಂದಿಗೆಯವರೆಗೂ ಹಬ್ಬಿಸಿದ್ದರು. ಅವರ ಮುಂದೆ ಹೋಗಿ, ಮಣ್ಣು ಅಷ್ಟೊಂದು ದೊಡ್ಡದಲ್ಲ ಸಾಹೇಬರೇ ಎಂದು ಒಬ್ಬ ಟ್ರೇಸರ್ ಹುಡುಗಿ ಹೇಗೆ ಹೇಳಬೇಕು? ಎರಡು ದಿನ ಹಾಳೆಗಳನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಕೊಟ್ಟೆ.

ಅವರು ನಿಂತುಕೊಂಡೇ ಎಲ್ಲಾ ಹಾಳೆ ಓದಿದರು. ಮಧ್ಯೆ ಒಂದು ಗೂಡ್ಸ್ ಗಾಡಿ ಹೋಗಿ ತಗಡೆಲ್ಲ ಗಡಗಡ ಅಂದಿತು. ಅವರು ತಲೆ ಎತ್ತಲಿಲ್ಲ.

ನನಗೆ ಇನ್ನೊಂದು ಮಾತು ಹೇಳುವುದಿತ್ತು. ಧೈರ್ಯ ಮಾಡಿ ಹೇಳಿಬಿಟ್ಟೆ. "ಮಣ್ಣಿನ ಅಂಕಿಗೆ ನೀವು ಎಂಟು ವರ್ಷ ಮೈಮುರದ ದುಡದೀರಿ. ಬಿಸಲಿನ ಅಂಕಿ ಎಲ್ಲಿಂದ ತಂದ್ರಿ, ಸಾಹೇಬ್ರ?"

"ಪುಸ್ತಕದಾಗಿಂದ."

"ಆ ಪುಸ್ತಕ ಬರದವ್ರು ನಮ್ಮ ವಿಜಾಪುರದ ಬಿಸಲು ನೋಡ್ಯಾರೇನ್ರಿ?"

ಅವರು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಟೊಪ್ಪಿಗೆ ಹಾಕಿಕೊಂಡು ಮನೆಗೆ ಹೋಗಿಬಿಟ್ಟರು. ಆಯಿತು, ನನ್ನ ಗೋಡೆ ನನಗೆ ಎಂದುಕೊಂಡೆ.  ಮುಂದಿನ ವಾರ ಹೆದರುತ್ತ ಇಬ್ರಾಹಿಂಪುರಕ್ಕೆ ಹೋದರೆ ಹಲಗೆಯ ಮೇಲಿನ ಅಕ್ಷರ ಅಳಿಸಿ ಹೊಸದಾಗಿ ಬರೆದಿತ್ತು. ಬಿಸಿಲು, ಕಾಂಕ್ರೀಟು, ಉದ್ದ, ಗಾಲಿ. ಕೊನೆಗೆ ಸಣ್ಣದಾಗಿ, ಮಣ್ಣು. ಅಂಗಳದಲ್ಲಿ ಸಾಹೇಬರು ಪ್ಯಾಂಟು ಮಡಚಿ ಕೂತು, ಒಂದು ಚೌಕಟ್ಟಿನಲ್ಲಿ ಕಾಂಕ್ರೀಟು ತುಂಬಿಸುತ್ತಿದ್ದರು. ಅದರೊಳಗೆ ಮೂರು ಕೊಳವೆ ನಿಲ್ಲಿಸಿದ್ದರು, ಒಂದು ಬೆನ್ನಿನ ಹತ್ತಿರ, ಒಂದು ನಡುವೆ, ಒಂದು ಹೊಟ್ಟೆಯವರೆಗೆ. "ಎಣ್ಣಿ ತುಂಬಿ ಥರ್ಮಾಮೀಟರ್ ಇಳಿಬಿಡೂದು," ಎಂದರು. "ತಂಗಿ, ಮೇ ತಿಂಗಳ ನಿನಗೂ ಸೂಟಿ ಇಲ್ಲ, ನನಗೂ ಇಲ್ಲ."

ಇಡೀ ಬದುಕಿನಲ್ಲಿ ತಾನು ನಂಬಿದ್ದು ಅಷ್ಟು ಮುಖ್ಯವಲ್ಲ ಎಂದು ಗೊತ್ತಾದ ಮನುಷ್ಯ ಒಂದೇ ವಾರದಲ್ಲಿ ಪ್ಯಾಂಟು ಮಡಚಿ ಹೊಸ ಕೆಲಸಕ್ಕೆ ಕೂರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ನೋಡಿದ್ದೂ ಕಡಿಮೆ. ಆ ದಿನ ಅವರ ಮೇಲೆ ನನಗೆ ಹುಟ್ಟಿದ ಗೌರವ ಕಡೆಯವರೆಗೂ ಒಂದು ಗುಲಗಂಜಿಯಷ್ಟು ಕಡಿಮೆಯಾಗಲಿಲ್ಲ.

ಮೇ ತಿಂಗಳಿಡೀ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ತಾಸಿಗೊಮ್ಮೆ ಮೂರು ಥರ್ಮಾಮೀಟರು ಓದಿದೆವು. ತಲೆಗೆ ಒದ್ದೆ ಟವೆಲ್ಲು. ಅವರ ಮನೆಯಿಂದ ತಂಬಿಗೆ ತಂಬಿಗೆ ಮಜ್ಜಿಗೆ ಬರುತ್ತಿತ್ತು. ಮಜ್ಜಿಗೆಯ ಜೊತೆ ಮಾತೂ ಬರುತ್ತಿತ್ತು: "ಕೇಳು ಅವರ್ನ ತಂಗಿ, ವಿಜಾಪುರದಾಗ ಬ್ಯಾಸಗ್ಯಾಗ ಬಿಸಲು ಇರತೈತಿ ಅನ್ನೂದು ಈಗ ತಿಳೀತೇನು ಅಂತ." ಮಧ್ಯಾಹ್ನ ಮೂರರ ಹೊತ್ತಿಗೆ ಸ್ಲ್ಯಾಬಿನ ಬೆನ್ನಿಗೂ ಹೊಟ್ಟೆಗೂ ಇರುವ ಅಂತರ ಪುಸ್ತಕದ ಅಂಕಿಯನ್ನು ಸಲೀಸಾಗಿ ದಾಟಿತ್ತು. ಬೆನ್ನು ಕಾದರೆ ಸ್ಲ್ಯಾಬು ನಡುವೆ ಉಬ್ಬಲು ನೋಡುತ್ತದೆ. ಅದರ ಸ್ವಂತ ತೂಕ ಕೆಳಗೆ ಜಗ್ಗುತ್ತದೆ. ಅದೇ ಹೊತ್ತಿಗೆ ಮೇಲೆ ಲಾರಿ ಬಂದರೆ ಹೊಟ್ಟೆ ಸೀಳುತ್ತದೆ.

ಹೊಸ ಅಂಕಿ ಹಾಕಿ ಲೆಕ್ಕ ಮಾಡಿದೆ. ಒಂಬತ್ತೂವರೆ ಇಂಚು ಬಂತು.

ಎಂಟು ಇಂಚಿನ ಷರತ್ತು ಇಬ್ಬರಿಗೂ ನೆನಪಿತ್ತು. ಪುಸ್ತಕದ ಅಂಕಿ, ಏಪ್ರಿಲಿನ ಮಣ್ಣು ಹಾಕಿ ಕಳಿಸಿದರೆ ಏಳೂಮುಕ್ಕಾಲಿಗೆ ಕೂತು, ನಾಳೆಯೇ ಮಂಜೂರಾಗುತ್ತಿತ್ತು. ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಪುಸ್ತಕವೇ ಸಾಕ್ಷಿ. ನಾನು ಅದನ್ನೇ ಹೇಳಿದೆ ಕೂಡ. ಮೊದಲು ರಸ್ತೆ ಆಗಲಿ, ಎಂಟು ವರ್ಷದಿಂದ ಕಾದಿದ್ದೀರಿ.

"ಮತ್ತ ಒಡದ್ರ?" ಎಂದರು. "ಯರಿ ಭೂಮ್ಯಾಗ ಕಾಂಕ್ರೀಟ್ ನಿಲ್ಲೂದಿಲ್ಲ ಅಂತ ಷರಾ ಬರದಬಿಡತಾರ. ಮುಂದಿನ ಐವತ್ತು ವರ್ಷ ಈ ಜಿಲ್ಲಾದಾಗ ಯಾರೂ ಅದರ ಹೆಸರು ಎತ್ತೂದಿಲ್ಲ. ಆ ತಗ್ಗಿನ ಮಂದಿ ಕೆಸರಾಗ ಇರತಾರ. ಮಾಡದಿದ್ರ ಒಂದು ರಸ್ತಾ ಹೋಗತೈತಿ. ಸುಳ್ಳು ಅಂಕಿ ಹಾಕಿ ಮಾಡಿದ್ರ ಎಲ್ಲಾ ರಸ್ತಾ ಹೋಗತಾವು."

ಹಾಗೆಂದು ಸುಮ್ಮನೆ ಕೂರುವವರೂ ಅಲ್ಲ. ಬಿಸಿಲು ನಮ್ಮ ಕೈಯಲ್ಲಿಲ್ಲ, ಗಾಲಿ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ಹುಡುಕೋಣ ಎಂದರು. ಮೊದಲು ಉಸುಕು. ಔಷಧದ ಒಂದು ಖಾಲಿ ಬಾಟಲಿ ಅವರ ಜೇಬಿನಲ್ಲಿ ಸದಾ ಇರುತ್ತಿತ್ತು. ಅದರಲ್ಲಿ ಉಸುಕು, ನೀರು ಹಾಕಿ ಅಲ್ಲಾಡಿಸಿ ಇಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಉಸುಕು ಕೆಳಗೆ, ಅದರ ಮೇಲೆ ಸಣ್ಣ ಮಣ್ಣಿನ ಪದರ ಕೂರುತ್ತಿತ್ತು. ಹತ್ತಿರದ ಹಳ್ಳದ ಉಸುಕಿನಲ್ಲಿ ಆ ಪದರ ಎರಡು ಬೆರಳು ದಪ್ಪ ಬಂತು. ಕೃಷ್ಣಾ ಹೊಳೆಯ ಉಸುಕು ತಂದು, ತೊಳೆದು, ಕಾಂಕ್ರೀಟಿನ ಸಣ್ಣ ತೊಲೆಗಳನ್ನು ಎರಕ ಹೊಯ್ದು, ತಿಂಗಳಾದ ಮೇಲೆ ಬಾಗಿಸಿ ಮುರಿದರು. ಗಟ್ಟಿತನ ಏರಿತ್ತು. ಲೆಕ್ಕ ಒಂಬತ್ತಕ್ಕಿಂತ ಕೆಳಗೆ ಇಳಿಯಿತು. ಎಂಟಕ್ಕೆ ಇಳಿಯಲಿಲ್ಲ.

ಅಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದೆವು. ನನ್ನ ಅವ್ವ ಕಡಕ್ ರೊಟ್ಟಿಯನ್ನು ಯಾವಾಗಲೂ ಅರ್ಧರ್ಧ ಮುರಿದು ಕಟ್ಟುತ್ತಿದ್ದಳು. ಅವರ ಬುತ್ತಿಯಲ್ಲಿ ಇಡೀ ರೊಟ್ಟಿಗಳು, ಎಲ್ಲವೂ ದಾರಿಯಲ್ಲೇ ಚೂರುಚೂರು. ಅವರು ತಮ್ಮ ಚೂರುಗಳನ್ನು ನೋಡಿದರು, ನನ್ನ ಅರ್ಧಗಳನ್ನು ನೋಡಿದರು.

"ನಿಮ್ಮವ್ವ ಯಾಕ ಮುರದ ಕಟ್ಟತಾಳ?"

"ಸಣ್ಣದಿದ್ರ ಒಡಿಯಂಗಿಲ್ರಿ."

ನಾನು ಹೇಳಿ ಮುಗಿಸುವಷ್ಟರಲ್ಲಿ ನನಗೂ ಹೊಳೆಯಿತು. ಊಟ ಅಲ್ಲೇ ಬಿಟ್ಟೆವು. ಹದಿನೈದು ಅಡಿ ಉದ್ದದ ಸ್ಲ್ಯಾಬಿನ ಬದಲು ಹತ್ತು ಅಡಿಗೊಂದು ಸಂದು ಕೊಟ್ಟರೆ ಬಿಸಿಲಿನ ಎಳೆದಾಟ ಅರ್ಧಕ್ಕಿಂತ ಕಡಿಮೆಯಾಗುತ್ತಿತ್ತು. ಸಂಜೆ ಐದಕ್ಕೆ ಉತ್ತರ ಬಂತು: ಎಂಟಕ್ಕೆ ಒಂದು ಕೂದಲೆಳೆ ಕಡಿಮೆ. ನಾನು ಕೂಗಿದ ಕೂಗಿಗೆ ಹಳಿಯ ಆಚೆ ದನ ಕಾಯುತ್ತಿದ್ದವರು ಎದ್ದು ನಿಂತು ನೋಡಿದರು.

ಸಾಹೇಬರು ಮಣ್ಣನ್ನು ಮಾತ್ರ ಪೂರ್ತಿ ಕೈಬಿಡಲಿಲ್ಲ. "ಲೆಕ್ಕದಾಗ ಮಣ್ಣು ಸಣ್ಣದು, ಒಪ್ಪಿದೆ. ಆದ್ರ ನಿನ್ನ ಲೆಕ್ಕ ಒಂದು ಮಾತು ನಂಬಿ ಕುಂತೈತಿ, ಸ್ಲ್ಯಾಬಿನ ಕೆಳಗ ಎಲ್ಲಾ ಕಡೆ ನೆಲಾ ಒಂದ ಸಮ ಇರತೈತಿ ಅಂತ. ಯರಿ ಇಲ್ಲಿ ಉಬ್ಬತೈತಿ, ಅಲ್ಲಿ ಕುಸೀತೈತಿ." ಅದಕ್ಕೇ ಕೆಳಗೆ ಒಂದು ಮೊಳ ಗರಸು, ಅಂದರೆ ಗುಡ್ಡದ ಕಲ್ಲುಮಣ್ಣು, ಹಾಸಿ ಗಟ್ಟಿ ಮಾಡಿಸಬೇಕೆಂದು ಬರೆಸಿದರು. ಗರಸಿನ ಗುಡ್ಡ ಹತ್ತಿರವೇ ಇತ್ತು, ಯಾರೂ ಆಕ್ಷೇಪ ಮಾಡಲಿಲ್ಲ.

ಲೆಕ್ಕದ ಹಾಳೆಯ ಕೊನೆಗೆ "ಲೆಕ್ಕ ಮಾಡಿದವರು" ಎಂದು ಒಂದು ಜಾಗ ಇರುತ್ತದೆ. ಅಲ್ಲಿ ನನ್ನ ಸಹಿ ಮಾಡಿಸಿದರು. ಹೆಡ್ ಕ್ಲಾರ್ಕು ಹೌಹಾರಿದ. "ಟ್ರೇಸರ್ ಸಹಿ ನಡಿಯಂಗಿಲ್ರಿ ಸಾಹೇಬ್ರ, ಮ್ಯಾಲಿನವ್ರು ಏನಂದಾರು?"

"ಲೆಕ್ಕಾ ತಪ್ಪಿದ್ರ ಯಾರ್ನ ಬೈಬೇಕು ಅನ್ನೂದು ಅವರಿಗೆ ಗೊತ್ತಿರಬೇಕೋ ಬ್ಯಾಡೋ?" ಎಂದರು ಸಾಹೇಬರು. ಬೈಯುವ ಅನುಕೂಲಕ್ಕೆ ಎಂದ ಕೂಡಲೇ ಕ್ಲಾರ್ಕಿಗೆ ನ್ಯಾಯ ಎನಿಸಿತು. ಹಾಳೆ ಹೋಯಿತು, ಮಂಜೂರಾಗಿ ಬಂತು.

ಅದರಲ್ಲಿ ಅವರು ಇನ್ನೊಂದು ಕಿತಾಪತಿ ಮಾಡಿದ್ದರು. ಟಿಕೋಟಾ ಕಡೆಯ ಕೊನೆಯ ನಾಲ್ಕು ಸ್ಲ್ಯಾಬುಗಳನ್ನು ಹತ್ತು ಅಡಿಗೆ ಕತ್ತರಿಸದೆ, ಹಳೆಯ ರೂಢಿಯಂತೆ ಹದಿನೈದು ಅಡಿಯೇ ಇಡಬೇಕು ಎಂದು ಬರೆಸಿದ್ದರು. ಉಳಿದದ್ದೆಲ್ಲ ಒಂದೇ: ಅದೇ ಉಸುಕು, ಅದೇ ಗರಸು, ಅದೇ ದಪ್ಪ. "ಈ ನಾಲ್ಕರ ಹಣೆಬರಹ ಏನು, ಲೆಕ್ಕಾ ಹಾಕಿ ಮೊದಲ ಬರಿ," ಎಂದರು. ನಾನು ಟಿಪ್ಪಣಿಯಲ್ಲಿ ಬರೆದೆ: ಈ ನಾಲ್ಕು ಎರಡನೆಯ ಬೇಸಿಗೆ ಮುಗಿಯುವುದರೊಳಗೆ ನಡುವೆ ಅಡ್ಡಲಾಗಿ ಬಿರುಕು ಬಿಡುತ್ತವೆ.  ಫೈಲಿನಲ್ಲಿ ಭವಿಷ್ಯ ಹೇಳುವುದು ಯಾವ ಟ್ರೇಸರ್‌ನ ಕೆಲಸವೂ ಅಲ್ಲ.

ಚಳಿಗಾಲದಲ್ಲಿ ರಸ್ತೆ ಆಯಿತು. ಮೊದಲ ಬೇಸಿಗೆ ಕಳೆಯಿತು. ಮೊದಲ ಮಳೆಗಾಲ ಬಂತು, ಎರಡು ಕಡೆಯ ಡಾಂಬರು ಎಂದಿನಂತೆ ಹರಿದುಹೋದರೂ ಆ ತಗ್ಗಿನಲ್ಲಿ ಚಕ್ಕಡಿಗಳು ಟಕಟಕ ದಾಟಿಹೋದವು. ಮೊಸರಿನ ಗಡಿಗೆ ಹೊತ್ತ ಮುದುಕಿಯೊಬ್ಬಳು ಮಳೆಯಲ್ಲೇ ನಿಂತು ಸಾಹೇಬರಿಗೆ ಎರಡೂ ಕೈಯಿಂದ ನೆಟಿಕೆ ಮುರಿದಳು. ಅವರು ನಾಚಿ, ಬಾಟಲಿ ತೆಗೆದು ಏನನ್ನೋ ನೋಡುವವರಂತೆ ಮಾಡಿದರು.

ಎರಡನೆಯ ಬೇಸಿಗೆಯ ಮೇ ತಿಂಗಳಲ್ಲಿ ಬಿರುಕು ಬಂತು. ಯಾರೋ ಮೂಗರ್ಜಿ ಬರೆದರು: ಯರಿ ಭೂಮಿಯಲ್ಲಿ ಹಾಕಿದ ಕಾಂಕ್ರೀಟು ಒಡೆದಿದೆ, ಸರ್ಕಾರದ ಕೆಲಸ ಮಣ್ಣುಪಾಲಾಗಿದೆ. ಹೆಡ್ ಕ್ಲಾರ್ಕು ಆ ಸುದ್ದಿಯನ್ನು ಪೇಢೆ ಹಂಚುವಂತೆ ಹಂಚಿದ. ಮೇಲಿನ ಕಚೇರಿಯ ದೊಡ್ಡ ಎಂಜಿನಿಯರರೇ ತನಿಖೆಗೆ ಬರುತ್ತಾರೆ ಎಂದಾಯಿತು. ಒಡೆದದ್ದು ನಿಜವಾದರೆ ಇಡೀ ತುಂಡನ್ನು ಕಿತ್ತು ಮತ್ತೆ ಡಾಂಬರು ಹಾಕಿಸಿ, ಕಾಂಕ್ರೀಟಿನ ಫೈಲು ಮುಚ್ಚುವುದು ಅವರ ವಿಚಾರವಂತೆ. ಸಾಹೇಬರ ನಿವೃತ್ತಿಗೆ ಒಂದು ತಿಂಗಳು ಉಳಿದಿತ್ತು. ಎಂಟು ವರ್ಷದ ಪತ್ರ, ಎರಡು ವರ್ಷದ ಕೆಲಸ, ಎಲ್ಲಾ ಒಂದು ಮಧ್ಯಾಹ್ನದಲ್ಲಿ ತೀರ್ಮಾನವಾಗುವುದಿತ್ತು.  ನನ್ನ ಸಹಿಯೂ ಆ ಲೆಕ್ಕದ ಮೇಲಿತ್ತಲ್ಲ.

ಆ ದಿನ ಜೀಪಿನಲ್ಲಿ ನನ್ನನ್ನೂ ಕೂಡಿಸಿಕೊಂಡು ಹೋದರು. ದೊಡ್ಡ ಎಂಜಿನಿಯರು ಮೈಸೂರು ಕಡೆಯವರು, ಕಡಿಮೆ ಮಾತಿನವರು. ಬಬಲೇಶ್ವರದ ಕಡೆಯಿಂದ ಸ್ಲ್ಯಾಬು ಸ್ಲ್ಯಾಬೇ ನಡೆದು ನೋಡುತ್ತ ಬಂದರು. ಸಣ್ಣ ಸ್ಲ್ಯಾಬುಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಕೊನೆಗೆ ಉದ್ದನೆಯ ನಾಲ್ಕಕ್ಕೆ ಬಂದರು. ಮೂರರ ನಡುವೆ ಅಡ್ಡಡ್ಡ ಬಿರುಕು, ಅಡ್ಡಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ಸಾಹೇಬರು ಫೈಲು ತೆರೆದು ರಸ್ತೆ ಆಗುವ ಮೊದಲೇ ನಾನು ಬರೆದಿದ್ದ ಟಿಪ್ಪಣಿಯನ್ನು ಅವರ ಮುಂದೆ ಹಿಡಿದರು. ದೊಡ್ಡ ಎಂಜಿನಿಯರು ಓದಿದರು. ಬಿರುಕು ನೋಡಿದರು. ಮತ್ತೆ ಓದಿದರು.

"ಒಡೆಯುತ್ತೆ ಅಂತ ಗೊತ್ತಿದ್ದೂ ಹಾಕಿಸಿದ್ರಾ?"

"ಹೌದ್ರಿ. ಈ ಉದ್ದಂದು ಒಡಿಲಿಲ್ಲಂದ್ರ, ಆ ಸಣ್ಣದು ಯಾಕ ಒಡಿಲಿಲ್ಲ ಅನ್ನೂದು ಯಾರಿಗೂ ತಿಳೀತಿರಲಿಲ್ರಿ. ಮೂರೂ ಹೇಳಿದ ಜಾಗಾದಾಗ ಒಡದಾವು." ಇಷ್ಟು ಹೇಳಿ ಸಾಹೇಬರು ನಾಲ್ಕನೆಯ ಸ್ಲ್ಯಾಬಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದರು. ಅದರಲ್ಲಿ ಬಿರುಕಿರಲಿಲ್ಲ. ತನಿಖೆ, ನಿವೃತ್ತಿ, ಮೇಲಧಿಕಾರಿ ಎಲ್ಲವೂ ಮರೆತುಹೋಗಿತ್ತು ಆ ಮನುಷ್ಯನಿಗೆ. "ಇದೊಂದು ಯಾಕ ಉಳೀತು ಅನ್ನೂದ ತಿಳಿವಲ್ದು ನೋಡ್ರಿ. ನೆರಳು ಬೀಳೂದಿಲ್ಲ, ಏನಿಲ್ಲ. ಲೆಕ್ಕದಾಗ ಇನ್ನೂ ಏನೋ ಬಿಟ್ಟೇವಿ."

 ದೊಡ್ಡ ಎಂಜಿನಿಯರು ಮೊದಲ ಸಲ ನಕ್ಕರು. ಮೂಗರ್ಜಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, "ಕೀಳೋದು ಬೇಡ, ಹಾಗೇ ಇರಲಿ," ಎಂದರು. ಟಿಕೋಟಾ ಕಡೆ ಕೈ ತೋರಿಸಿ ಕೇಳಿದರು. "ಆ ಕಡೆ ಇನ್ನೂ ಎರಡು ತಗ್ಗು ಇದೆಯಂತಲ್ಲ, ಅಲ್ಲಿಗೂ ಮಾಡೋಣ. ಎಷ್ಟು ದಪ್ಪ ಬೇಕಾಗುತ್ತೆ?"

"ನನ್ನ ಕೇಳಬ್ಯಾಡ್ರಿ, ಮುಂದಿನ ತಿಂಗಳ ನಾ ಮನಿಗೆ," ಎಂದು ಸಾಹೇಬರು ಮೊಣಕಾಲು ಹಿಡಿದು ಎದ್ದರು. "ಲೆಕ್ಕಾ ಈಕಿದು. ಈಕಿನ್ನ ಕೇಳ್ರಿ."

ದೊಡ್ಡ ಎಂಜಿನಿಯರು ನನ್ನ ಕಡೆ ತಿರುಗಿದರು. ಎರಡು ವರ್ಷ ಗೋಡೆ ನೋಡಿಕೊಂಡು ಕೂತಿದ್ದವಳಿಗೆ ಅಷ್ಟು ದೊಡ್ಡ ಅಧಿಕಾರಿ, "ನೀವು ಹೇಳಿ, ಎಷ್ಟು ಬೇಕು?" ಎಂದು ಬಹುವಚನದಲ್ಲಿ ಕೇಳಿದರು.

ನಾನು ಆ ಕಡೆಯ ಹೊಲಗಳನ್ನು ಒಮ್ಮೆ ನೋಡಿದೆ.  "ಈಗ ಹೇಳಾಕ ಬರೂದಿಲ್ರಿ. ಆ ತಗ್ಗಿನ ಮಣ್ಣು ನಾವಿನ್ನೂ ಮಳ್ಯಾಗ ನೋಡಿಲ್ಲ. ಆಗಸ್ಟ್ ತನಕಾ ಟೈಮ್ ಕೊಡ್ರಿ."

ಹೇಳಿ, ಸರಿಯಾಯಿತೇ ಎಂದು ಕೇಳುವವಳಂತೆ ಪಕ್ಕಕ್ಕೆ ನೋಡಿದೆ. ಸಾಹೇಬರು ಅಲ್ಲಿರಲಿಲ್ಲ. ನನ್ನ ಉತ್ತರಕ್ಕೆ ಕಾಯದೆ, ಆಗಲೇ ಹೋಗಿ ಜೀಪಿನಲ್ಲಿ ಕೂತಿದ್ದರು.